ನಿಲ್ಲು ಎಂದರೆ ನಿಲ್ಲದ ಆಯುಧ

ಅಮೆರಿಕದ ಲೇಖಕ ಫಿಲಿಪ್ ಕೆ. ಡಿಕ್ 1953ರಲ್ಲಿ ‘ಸೆಕೆಂಡ್ ವೆರೈಟಿ’ ಎಂಬ ನೀಳ್ಗತೆಯನ್ನು ಪ್ರಕಟಿಸಿದರು. ಅಣುಯುದ್ಧದಲ್ಲಿ ಭೂಮಿ ಬೂದಿಯಾಗಿದೆ. ಎರಡೂ ಪಕ್ಷಗಳಲ್ಲಿ ಅಳಿದುಳಿದ ಸೈನಿಕರು ಬಂಕರ್‌ಗಳಲ್ಲಿ ಅಡಗಿದ್ದಾರೆ. ಶತ್ರುವನ್ನು ಕೊಲ್ಲಲೆಂದು ಒಂದು ಪಕ್ಷ ರೂಪಿಸಿದ ಯಂತ್ರಗಳು ನೆಲದಡಿಯ ಕಾರ್ಖಾನೆಗಳಲ್ಲಿ ತಮ್ಮ ಸಂತತಿಯನ್ನು ತಾವೇ ತಯಾರಿಸಿಕೊಂಡು ಮೇಲೆ ಓಡಾಡುತ್ತಿವೆ. ಕೊನೆಗೆ ರಷ್ಯನ್ನರ ಕಡೆಯಿಂದ ಮಾತುಕತೆಗೆ ಕರೆ ಬರುತ್ತದೆ, ಅಮೆರಿಕದ ಅಧಿಕಾರಿಯೊಬ್ಬ ಹೊರಡುತ್ತಾನೆ. ಮನುಷ್ಯರು ಯುದ್ಧ ಬಿಡಲು ಸಿದ್ಧರಾಗಿದ್ದಾರೆ, ಯಂತ್ರಗಳು ಬಿಡುತ್ತಿಲ್ಲ. 1995ರಲ್ಲಿ ಇದು ‘ಸ್ಕ್ರೀಮರ್ಸ್’ ಹೆಸರಿನ ಸಿನಿಮಾ ಆಯಿತು. ಇಂಥ ಕಥೆಗಳನ್ನು ಓದಿದವರು, ನೋಡಿದವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಯಂತ್ರಕ್ಕೆ ಸ್ವಂತ ಬುದ್ಧಿ ಬಂದು ನಮ್ಮ ಮೇಲೆ ತಿರುಗಿ ಬಿದ್ದರೆ? ಈ ಭಯ ನಮ್ಮ ಗಮನವನ್ನು ಬೇರೆಡೆಗೆ ಸೆಳೆದಿದೆ ಎಂದು ನನಗನಿಸುತ್ತದೆ. ಆ ಕಥೆಯ ಸೈನಿಕರ ನಿಜವಾದ ಸಂಕಟ ಯಂತ್ರದ ಜಾಣತನಕ್ಕಿಂತ ಸರಳವಾದದ್ದು: ‘ಸಾಕು, ನಿಲ್ಲು’ ಎಂದು ಅದಕ್ಕೆ ಹೇಳುವ ದಾರಿಯೇ ಅವರಿಗಿಲ್ಲ. ಇವತ್ತಿನ ಯುದ್ಧಭೂಮಿಗಳಲ್ಲಿ ನಮ್ಮ ಕಣ್ಣೆದುರೇ ರೂಪುಗೊಳ್ಳುತ್ತಿರುವ ಅಪಾಯವೂ ಇದೇ. ಬುದ್ಧಿವಂತ ಯಂತ್ರ ಬರುವವರೆಗೆ ಅದು ಕಾಯುವುದಿಲ್ಲ. ದಡ್ಡ ಯಂತ್ರವೂ ಸಾಕು.

2023ರ ಮೇ ತಿಂಗಳಲ್ಲಿ ಪೂರ್ವ ಉಕ್ರೇನಿನ ಬಾಖ್ಮುತ್ ಬಳಿಯ ಕಂದಕದಲ್ಲಿ ರಷ್ಯಾದ ಸೈನಿಕನೊಬ್ಬ ಒಂಟಿಯಾಗಿ ಉಳಿದಿದ್ದ. ತಲೆಯ ಮೇಲೆ ಉಕ್ರೇನಿನ ಡ್ರೋನ್‌ಗಳು ಸುತ್ತುತ್ತಿದ್ದವು. ಓಡಲು ಜಾಗವಿಲ್ಲ, ಮರೆಯಾಗಲು ಮರವಿಲ್ಲ. ಆತ ಮುಖವೆತ್ತಿ ಕ್ಯಾಮೆರಾ ಕಡೆಗೆ ಕೈಸನ್ನೆ ಮಾಡಿದ: ಕೊಲ್ಲಬೇಡಿ. ದೂರದಲ್ಲಿ ಪರದೆ ನೋಡುತ್ತಿದ್ದವರಿಗೆ ಆ ಸನ್ನೆ ಕಂಡಿತು, ಅರ್ಥವಾಯಿತು. ಬಾಂಬ್ ಬೀಳಬೇಕಿದ್ದ ಜಾಗಕ್ಕೆ ಒಂದು ಚೀಟಿ ಬಿತ್ತು: ಶರಣಾಗುವುದಾದರೆ ಡ್ರೋನ್ ಹಿಂದೆ ಬಾ. ಆತ ಬಂದ. ತನ್ನದೇ ಪಡೆಯವರ ಶೆಲ್‌ಗಳು ಸುತ್ತ ಬೀಳುತ್ತಿದ್ದರೂ ಡ್ರೋನ್ ತೋರಿದ ದಾರಿಯಲ್ಲೇ ನಡೆದು ಉಕ್ರೇನಿನ ಕಂದಕ ತಲುಪಿದ. ಆ ದೃಶ್ಯದ ವಿಡಿಯೊವನ್ನು ಜಗತ್ತೇ ನೋಡಿತು. ಇಂಥದ್ದು ನಡೆದಿರುವುದು ಇದೇ ಮೊದಲಲ್ಲ. 1991ರ ಕೊಲ್ಲಿ ಯುದ್ಧದಲ್ಲಿ ಕುವೈತಿನ ಫೈಲಕಾ ದ್ವೀಪದಲ್ಲಿದ್ದ ಇರಾಕಿ ಸೈನಿಕರು, ಅಮೆರಿಕದ ಯುದ್ಧನೌಕೆಯ ಫಿರಂಗಿಗಳಿಗೆ ಗುರಿ ತೋರಿಸಲು ಬಂದಿದ್ದ ‘ಪಯೊನಿಯರ್’ ಎಂಬ ಮಾನವರಹಿತ ವಿಮಾನ ಕಂಡದ್ದೇ ಬಿಳಿ ಬಟ್ಟೆ ಬೀಸಿ ಶರಣಾದರು. ಆ ಎರಡೂ ಸಂದರ್ಭಗಳಲ್ಲಿ ಸೈನಿಕರು ಶರಣಾದದ್ದು ಯಂತ್ರಕ್ಕಲ್ಲ, ಯಂತ್ರದ ಕಣ್ಣಿನ ಹಿಂದೆ ಕೂತಿದ್ದ ಮನುಷ್ಯನಿಗೆ. ಆ ಮನುಷ್ಯ ಅಲ್ಲಿಲ್ಲದಿದ್ದರೆ ಬಾಖ್ಮುತ್‌ನ ಸೈನಿಕನ ಕೈಸನ್ನೆ ಗಾಳಿಗೆ ಹೋಗುತ್ತಿತ್ತು.

ಶರಣಾಗತಿಯನ್ನು ನಾವು ಸೋತವನಿಗೆ ಗೆದ್ದವನು ತೋರುವ ದಯೆ ಎಂದು ತಿಳಿಯುತ್ತೇವೆ. ಅದು ದಯೆಗಿಂತ ದೊಡ್ಡದು, ಯುದ್ಧ ಮುಗಿಯಲು ಇರುವ ಬಾಗಿಲು. 1907ರ ಹೇಗ್ ನಿಯಮಗಳ 23ನೇ ವಿಧಿ, ಆಯುಧ ಕೆಳಗಿಟ್ಟು ಶರಣಾದವನನ್ನು ಕೊಲ್ಲುವುದನ್ನು ನಿಷೇಧಿಸುತ್ತದೆ. ಅಷ್ಟೇ ಅಲ್ಲ, ‘ಯಾರನ್ನೂ ಜೀವಸಹಿತ ಬಿಡುವುದಿಲ್ಲ’ ಎಂದು ಘೋಷಿಸುವುದನ್ನೂ ನಿಷೇಧಿಸುತ್ತದೆ. ಹಾಗೆ ಘೋಷಿಸಿದ ಸೇನೆಯ ಎದುರಾಳಿ ಕೊನೆಯ ಗುಂಡಿನವರೆಗೂ ಹೋರಾಡುತ್ತಾನೆ, ಎರಡೂ ಕಡೆ ಹೆಣಗಳು ಹೆಚ್ಚುತ್ತವೆ ಎಂಬುದು ಯುದ್ಧ ಮಾಡಿದವರಿಗೆಲ್ಲ ಗೊತ್ತಿದ್ದ ಸತ್ಯ. ಈ ಬಾಗಿಲು ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ನಮ್ಮ ದೇಶದ ಇತಿಹಾಸದಲ್ಲೇ ದೊಡ್ಡ ಉದಾಹರಣೆ ಇದೆ. 1971ರ ಡಿಸೆಂಬರಿನಲ್ಲಿ ಜನರಲ್ ಮಾಣೆಕ್‌ಷಾ ಅವರು ಪೂರ್ವ ಪಾಕಿಸ್ತಾನದಲ್ಲಿದ್ದ ಪಾಕ್ ಪಡೆಗಳಿಗೆ ರೇಡಿಯೊ ಮೂಲಕ, ಕರಪತ್ರಗಳ ಮೂಲಕ ಮತ್ತೆ ಮತ್ತೆ ಹೇಳಿದರು: ಶರಣಾಗಿ, ನಿಮ್ಮನ್ನು ಗೌರವದಿಂದ ನಡೆಸಿಕೊಳ್ಳುತ್ತೇವೆ. ಡಿಸೆಂಬರ್ 15ರ ಸಂಜೆ 5ರಿಂದ ಮರುದಿನ ಬೆಳಿಗ್ಗೆ 9ರವರೆಗೆ ಢಾಕಾ ಮೇಲಿನ ವಾಯುದಾಳಿ ನಿಲ್ಲಿಸಿದರು, ಬಳಿಕ ಆ ಅವಧಿಯನ್ನು ಇನ್ನಷ್ಟು ತಾಸು ವಿಸ್ತರಿಸಿದರು. ಆ ಬಿಡುವಿನಲ್ಲಿ ಮಾತುಕತೆ ನಡೆಯಿತು. 16ರಂದು ಪಾಕ್ ಪಡೆಗಳ ದಂಡನಾಯಕ ನಿಯಾಜಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದರು. ಸೈನಿಕರು ಮತ್ತು ಇತರರು ಸೇರಿ ಸುಮಾರು 93,000 ಮಂದಿ ಸೆರೆಯಾದರು. ಕೊಟ್ಟ ಮಾತಿನಂತೆ ವಿಮಾನಗಳು ನಿಗದಿತ ಹೊತ್ತಿಗೆ ನಿಂತವು ಎಂಬುದೇ ಆ ಮಾತಿಗೆ ಬೆಲೆ ತಂದದ್ದು. ತಾನು ಹಾರಿಬಿಟ್ಟ ಆಯುಧಗಳನ್ನು ತಾನೇ ನಿಲ್ಲಿಸಲಾಗದ ಸೇನಾಪತಿ ಇಂಥ ಭರವಸೆ ಕೊಡಲಾರ, ಕೊಟ್ಟರೂ ಯಾರೂ ನಂಬುವುದಿಲ್ಲ.

ಈಗ ಉಕ್ರೇನಿನಲ್ಲಿ ನಡೆಯುತ್ತಿರುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಸ್ವಾಯತ್ತ ಆಯುಧ ಹುಟ್ಟುತ್ತಿರುವ ಬಗೆ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಗ್ಗದ ಎಫ್‌ಪಿವಿ ಡ್ರೋನ್ ಹಾರಿಸುವವನು ಕಣ್ಣಿಗೆ ಕನ್ನಡಕದಂಥ ಪರದೆ ಕಟ್ಟಿಕೊಂಡು, ಡ್ರೋನ್‌ನ ಕ್ಯಾಮೆರಾ ಕಳಿಸುವ ಚಿತ್ರ ನೋಡುತ್ತಾ ಅದನ್ನು ಗುರಿಯತ್ತ ಒಯ್ಯುತ್ತಾನೆ. ಗುರಿ ಹತ್ತಿರವಾದಂತೆ ಎರಡು ತೊಂದರೆಗಳು ಎದುರಾಗುತ್ತವೆ. ಡ್ರೋನ್ ಕೆಳಕ್ಕಿಳಿದಾಗ ಗುಡ್ಡ, ಮರ, ಕಟ್ಟಡಗಳು ಅಡ್ಡ ಬಂದು ರೇಡಿಯೊ ಸಂಪರ್ಕ ಕ್ಷೀಣಿಸುತ್ತದೆ. ಗುರಿಯ ಸುತ್ತಮುತ್ತ ಶತ್ರು ಇಟ್ಟಿರುವ ಜ್ಯಾಮರ್ ಉಳಿದ ಸಂಪರ್ಕವನ್ನೂ ಕೆಡಿಸುತ್ತದೆ. ಕೊನೆಯ ಕೆಲವು ನೂರು ಮೀಟರ್‌ಗಳಲ್ಲಿ ಪರದೆಯ ಮೇಲೆ ಬರೀ ಚುಕ್ಕಿಗಳು. ಇದಕ್ಕೆ ಇಂಜಿನಿಯರ್‌ಗಳು ಎರಡು ಪರಿಹಾರ ಹುಡುಕಿದ್ದಾರೆ. ಒಂದು, ಡ್ರೋನ್‌ನ ಹಿಂದೆ ಕೂದಲೆಳೆಯಂಥ ಆಪ್ಟಿಕಲ್ ಫೈಬರ್ ಬಿಚ್ಚಿಕೊಳ್ಳುತ್ತಾ ಹೋಗುವಂತೆ ಮಾಡುವುದು. ಹೊಲಗಳ ಮೇಲೆಲ್ಲ ಜೇಡರ ಬಲೆಯಂತೆ ಹರಡಿಕೊಂಡ ಈ ಎಳೆಗಳ ಚಿತ್ರಗಳು ಈಗ ಸಾಮಾನ್ಯವಾಗಿವೆ. ಇನ್ನೊಂದು, ಗುರಿಯನ್ನು ಗುರುತಿಸಿ ಬೆನ್ನಟ್ಟುವ ಸಾಮರ್ಥ್ಯವನ್ನು ಡ್ರೋನ್‌ನೊಳಗಿನ ಚಿಪ್‌ಗೇ ತುಂಬುವುದು. ಮೊದಲನೆಯದರಲ್ಲಿ ಮನುಷ್ಯ ಕೊನೆಯವರೆಗೂ ಇರುತ್ತಾನೆ. ಎರಡನೆಯದರಲ್ಲಿ ಆತ ಗುರಿಯನ್ನು ಆರಿಸಿ ಕೈಬಿಡುತ್ತಾನೆ, ಉಳಿದ ದೂರವನ್ನು ಯಂತ್ರ ತಾನೇ ಕ್ರಮಿಸುತ್ತದೆ. ಇಂದು ಕೆಲವು ನೂರು ಮೀಟರ್, ನಾಳೆ ಕೆಲವು ಕಿಲೋಮೀಟರ್, ಆಮೇಲೆ ಗುರಿಯ ಆಯ್ಕೆಯೂ ಅದರದ್ದೇ. ಯಾರೋ ಒಬ್ಬ ಕ್ರೂರಿ ಕೂತು ‘ಮನುಷ್ಯರನ್ನು ಹೊರಗಿಡೋಣ’ ಎಂದು ತೀರ್ಮಾನಿಸಬೇಕಾಗಿಲ್ಲ. ಜ್ಯಾಮರ್ ಒಂದೇ ಸಾಕು, ಅದು ದಿನೇ ದಿನೇ ಮನುಷ್ಯನನ್ನು ಹೊರಕ್ಕೆ ತಳ್ಳುತ್ತದೆ. ಇಲ್ಲೇ ನನ್ನ ವಾದದ ತಿರುಳಿದೆ: ಸಂಪರ್ಕ ಕಡಿಯುತ್ತದೆ ಎಂಬ ಕಾರಣಕ್ಕೇ ಸ್ವಾಯತ್ತತೆ ಬೇಕಾಗುತ್ತಿದೆ, ಸಂಪರ್ಕ ಕಡಿದಿರುವುದರಿಂದಲೇ ಆ ಯಂತ್ರವನ್ನು ಮರಳಿ ಕರೆಯಲೂ ಆಗದು. ಯಾವ ಸನ್ನಿವೇಶಕ್ಕೆಂದು ಅದನ್ನು ತಯಾರಿಸುತ್ತೇವೋ ಆ ಸನ್ನಿವೇಶದಲ್ಲೇ ಅದು ಕಿವುಡು.

ಲಿಬಿಯಾ ಕುರಿತು ವಿಶ್ವಸಂಸ್ಥೆಯ ತಜ್ಞರ ಸಮಿತಿ 2021ರ ಮಾರ್ಚ್‌ನಲ್ಲಿ ಕೊಟ್ಟ ವರದಿ ಜಗತ್ತಿನ ಗಮನ ಸೆಳೆದದ್ದೂ ಈ ಕಾರಣಕ್ಕೇ. ಅದರ ಹಿಂದಿನ ವರ್ಷ ಅಲ್ಲಿನ ಸೇನಾನಾಯಕ ಹಫ್ತಾರ್ ಪರ ಪಡೆಗಳು ಹಿಮ್ಮೆಟ್ಟುವಾಗ ಟರ್ಕಿಯ ‘ಕಾರ್ಗು–2’ ಡ್ರೋನ್ ಸೇರಿದಂತೆ ಸ್ವಾಯತ್ತ ಶಸ್ತ್ರಗಳು ಅವರನ್ನು ಬೆನ್ನಟ್ಟಿದವು, ಆ ಶಸ್ತ್ರಗಳಿಗೆ ಹಾರಿಸಿದವನೊಂದಿಗೆ ಸಂಪರ್ಕ ಇರಲೇಬೇಕೆಂದಿರಲಿಲ್ಲ ಎಂದು ವರದಿ ಹೇಳಿತು. ಆ ದಾಳಿಯಲ್ಲಿ ಯಂತ್ರವೇ ತೀರ್ಮಾನಿಸಿ ಯಾರನ್ನಾದರೂ ಕೊಂದಿತೇ ಎಂಬುದನ್ನು ವರದಿ ಖಚಿತವಾಗಿ ಹೇಳಲಿಲ್ಲ. ಮನುಷ್ಯನ ಅಪ್ಪಣೆ ಇಲ್ಲದೆ ತಮ್ಮ ಡ್ರೋನ್ ದಾಳಿ ಮಾಡುವುದಿಲ್ಲ ಎಂದು ತಯಾರಕರು ಹೇಳಿದರು. ಹಿಮ್ಮೆಟ್ಟುವ ಸೈನಿಕ ಶರಣಾದ ಸೈನಿಕನಲ್ಲ, ಅವನ ಮೇಲೆ ದಾಳಿ ಮಾಡಲು ಯುದ್ಧದ ಕಾನೂನು ಅವಕಾಶ ಕೊಡುತ್ತದೆ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಆದರೆ ಹಿಮ್ಮೆಟ್ಟುವವನು ಓಡುತ್ತಾ ಓಡುತ್ತಾ ಬಂದೂಕು ಎಸೆದು ನಿಂತುಬಿಡುವ ಒಂದು ಕ್ಷಣ ಇರುತ್ತದಲ್ಲ, ಆ ಕ್ಷಣದಿಂದ ಆಚೆಗೆ ಅವನು ಕಾನೂನಿನ ರಕ್ಷಣೆಯಲ್ಲಿದ್ದಾನೆ. ಸಂಪರ್ಕವಿಲ್ಲದ ಯಂತ್ರ ಹಾರಿಸಿದವನಿಗೆ ಆ ಕ್ಷಣ ಬಂದದ್ದೇ ಗೊತ್ತಾಗುವುದಿಲ್ಲ.

ಒಬ್ಬ ಸೈನಿಕನ ಮಟ್ಟದಲ್ಲಿ ಶರಣಾಗತಿ ಏನೋ, ಇಡೀ ದೇಶದ ಮಟ್ಟದಲ್ಲಿ ಕದನ ವಿರಾಮ ಅದೇ. ಅದು ಕೆಲಸ ಮಾಡಬೇಕಾದರೆ ಸುದ್ದಿ ಎಲ್ಲ ಆಯುಧಗಳಿಗೂ ತಲುಪಬೇಕು. ತಲುಪದೇ ಹೋದಾಗ ಏನಾಗುತ್ತದೆ ಎಂಬುದು ಇತಿಹಾಸದಲ್ಲಿ ದಾಖಲಾಗಿದೆ. ಬ್ರಿಟನ್ ಮತ್ತು ಅಮೆರಿಕ 1814ರ ಡಿಸೆಂಬರ್ 24ರಂದು ಘೆಂಟ್ ನಗರದಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದವು. ಹಡಗು ಆ ಸುದ್ದಿ ಹೊತ್ತು ಅಟ್ಲಾಂಟಿಕ್ ದಾಟುವ ಮೊದಲೇ, 1815ರ ಜನವರಿ 8ರಂದು, ನ್ಯೂ ಆರ್ಲಿಯನ್ಸ್‌ನಲ್ಲಿ ಸುಮಾರು 2,000 ಬ್ರಿಟಿಷ್ ಸೈನಿಕರು ಸತ್ತರು, ಗಾಯಗೊಂಡರು ಅಥವಾ ಸೆರೆಯಾದರು. ಜಪಾನಿನ ಹಿರೂ ಒನೊಡಾ ಕಥೆ ಇನ್ನೂ ದೀರ್ಘ. ಎರಡನೇ ಮಹಾಯುದ್ಧ ಮುಗಿದು 29 ವರ್ಷಗಳಾದರೂ ಈ ಸೇನಾಧಿಕಾರಿ ಫಿಲಿಪ್ಪೀನ್ಸ್‌ನ ಲುಬಾಂಗ್ ದ್ವೀಪದ ಕಾಡಿನಲ್ಲಿ ಯುದ್ಧ ಮುಂದುವರಿಸಿದ್ದರು. ದ್ವೀಪದ ಜನರು ಅವರ ತಂಡದ ಗುಂಡಿಗೆ ಬಲಿಯಾದರು. ಕರಪತ್ರ ಹಾಕಿದರೂ ಅವರು ನಂಬಲಿಲ್ಲ. ಕೊನೆಗೆ 1974ರ ಮಾರ್ಚ್‌ನಲ್ಲಿ, ಅಷ್ಟು ಹೊತ್ತಿಗೆ ಪುಸ್ತಕ ವ್ಯಾಪಾರಿಯಾಗಿದ್ದ ಅವರ ಹಳೆಯ ಮೇಲಧಿಕಾರಿ ತಾನಿಗುಚಿಯವರನ್ನು ಜಪಾನಿನಿಂದ ಕರೆತಂದು, ಎದುರು ನಿಲ್ಲಿಸಿ ಆದೇಶ ಓದಿಸಿದ ಮೇಲೆಯೇ ಒನೊಡಾ ಬಂದೂಕು ಕೆಳಗಿಟ್ಟದ್ದು. ಇಷ್ಟು ಹಟಮಾರಿಯಾದ ಮನುಷ್ಯನನ್ನೂ ತಲುಪುವ ಒಂದು ದನಿ ಜಗತ್ತಿನಲ್ಲಿತ್ತು. ರೇಡಿಯೊ ಸ್ವೀಕರಿಸದಂತೆ ರೂಪಿಸಿದ, ಸಂಕೇತಗಳೆಲ್ಲ ಶತ್ರುವಿನ ಮೋಸ ಎಂದು ತಳ್ಳಿಹಾಕುವಂತೆ ಕಲಿಸಿದ ಯಂತ್ರಕ್ಕೆ ಅಂಥ ಮೇಲಧಿಕಾರಿ ಯಾರು?

ಇದು ಭವಿಷ್ಯದ ಪ್ರಶ್ನೆಯಂತೆ ಕಂಡರೂ ಉತ್ತರ ಶತಮಾನದಷ್ಟು ಹಳೆಯದು. ಯಾರೂ ಒತ್ತದೆಯೇ, ಬಲಿಪಶುವಿನ ಸ್ಪರ್ಶದಿಂದಲೇ ಸಿಡಿಯುವ ಮೈನ್ ಒಂದು ಲೆಕ್ಕದಲ್ಲಿ ಮೊಟ್ಟಮೊದಲ ಕೊಲೆಗಾರ ರೋಬಾಟ್. ಇಟ್ಟವನು ಎದ್ದು ಹೋಗುತ್ತಾನೆ, ತೀರ್ಮಾನ ಮಾತ್ರ ಅಲ್ಲೇ ಉಳಿಯುತ್ತದೆ. 1904–05ರ ರಷ್ಯಾ–ಜಪಾನ್ ಯುದ್ಧದಲ್ಲಿ ಎರಡೂ ಕಡೆಯವರು ಚೀನಾದ ಕರಾವಳಿಯ ನೀರಿನಲ್ಲಿ ಬೇಕಾಬಿಟ್ಟಿ ಮೈನ್‌ಗಳನ್ನು ಹಾಕಿದರು. ಬಹಳಷ್ಟು ಸರಪಳಿ ಕಡಿದುಕೊಂಡು ತೇಲಿದವು. ಯುದ್ಧ ಮುಗಿಯಿತು, ತೇಲುವುದು ಮುಗಿಯಲಿಲ್ಲ. ಆ ಯುದ್ಧಕ್ಕೆ ಸಂಬಂಧವೇ ಇಲ್ಲದ ಚೀನಾದ ಮೀನುಗಾರರು, ಸರಕು ದೋಣಿಯವರು, ಪ್ರಯಾಣಿಕರು ಸೇರಿ 500ರಿಂದ 600 ಮಂದಿ ಸತ್ತರು ಎಂದು ಚೀನಾದ ಪ್ರತಿನಿಧಿ 1907ರ ಹೇಗ್ ಸಮ್ಮೇಳನದ ಮುಂದೆ ಹೇಳಿದರು. ಆ ಸಮ್ಮೇಳನದಲ್ಲಿ ರೂಪುಗೊಂಡ ಎಂಟನೇ ಒಪ್ಪಂದವನ್ನು ಇವತ್ತು ಓದಿದರೆ ಬೆರಗಾಗುತ್ತದೆ. ಲಂಗರು ಇಲ್ಲದ ಮೈನ್ ಹಾಕುವುದಾದರೆ, ಹಾಕಿದವನ ಹತೋಟಿ ತಪ್ಪಿದ ಹೆಚ್ಚೆಂದರೆ ಒಂದು ಗಂಟೆಯೊಳಗೆ ಅದು ನಿರುಪದ್ರವಿ ಆಗಬೇಕು. ಲಂಗರು ಹಾಕಿದ ಮೈನ್ ಸರಪಳಿ ಕಡಿದ ಕೂಡಲೇ ನಿಷ್ಕ್ರಿಯ ಆಗಬೇಕು. ಗುರಿ ತಪ್ಪಿದ ಟಾರ್ಪೆಡೊ ಕೂಡ ಹಾಗೆಯೇ. ಯುದ್ಧ ಮುಗಿದ ಮೇಲೆ ಹಾಕಿದವರೇ ಅವನ್ನು ತೆಗೆಯಲು ಕೈಲಾದುದನ್ನೆಲ್ಲ ಮಾಡಬೇಕು. ಎಲೆಕ್ಟ್ರಾನಿಕ್ ಕಂಪ್ಯೂಟರ್ ಇನ್ನೂ ಹುಟ್ಟಿರದ ಕಾಲದ ಆ ರಾಜತಾಂತ್ರಿಕರು ಪ್ರಶ್ನೆಯ ಮರ್ಮ ಹಿಡಿದಿದ್ದರು: ಹತೋಟಿ ತಪ್ಪಿದ ಆಯುಧ ಸಾಯಬೇಕು, ಅದು ಬದುಕಿರುವ ಅವಧಿಗೆ ಗಡಿಯಾರದ ಲೆಕ್ಕ ಇರಬೇಕು. ಎರಡು ಮಹಾಯುದ್ಧಗಳಲ್ಲಿ ಆ ನಿಯಮ ಸಾಕಷ್ಟು ಮುರಿಯಲ್ಪಟ್ಟಿತು ಎಂಬುದು ನಿಜ. 2022ರ ಮಾರ್ಚ್‌ನಲ್ಲಿಯೂ ಕಪ್ಪು ಸಮುದ್ರದಲ್ಲಿ ತೇಲಿ ಬಂದ ಮೈನನ್ನು ಟರ್ಕಿಯ ನೌಕಾಪಡೆ ಬಾಸ್ಫರಸ್ ಜಲಸಂಧಿಯ ಬಾಯಲ್ಲಿ ನಿಷ್ಕ್ರಿಯಗೊಳಿಸಬೇಕಾಯಿತು. ನಿಯಮ ತಪ್ಪಾಗಿದ್ದರಿಂದ ಹೀಗಾಗಲಿಲ್ಲ, ಮುರಿದವರಿಂದಾಗಿ ಆಯಿತು.

ನೆಲದ ಮೇಲಿನ ಅನುಭವ ಭಾರತಕ್ಕೂ ಇದೆ. ಸಂಸತ್ತಿನ ಮೇಲಿನ ದಾಳಿಯ ನಂತರ 2001–02ರ ‘ಆಪರೇಷನ್ ಪರಾಕ್ರಮ್’ ಹೊತ್ತಿನಲ್ಲಿ ಪಂಜಾಬ್, ರಾಜಸ್ಥಾನ, ಜಮ್ಮು ಗಡಿಯುದ್ದಕ್ಕೂ ಸೇನೆ ಭಾರಿ ಪ್ರಮಾಣದಲ್ಲಿ ನೆಲಬಾಂಬ್‌ಗಳನ್ನು ಹೂತಿತು. ಅದರಲ್ಲಿ ರೈತರ ಗದ್ದೆಗಳೂ ಇದ್ದವು. ಯುದ್ಧ ನಡೆಯಲೇ ಇಲ್ಲ. ಆದರೂ ಬಾಂಬ್ ಹೂಳುವಾಗ, ತೆಗೆಯುವಾಗ ನಮ್ಮ ಸೈನಿಕರು ಸತ್ತರು, ಗದ್ದೆಗೆ ಹೋದ ಹಳ್ಳಿಗರು ಕಾಲು ಕಳೆದುಕೊಂಡರು, ದನಗಳು ಸತ್ತವು. ಶತ್ರುವಿನ ಹೆಜ್ಜೆ, ಗೋಧಿ ಬಿತ್ತುವವನ ಹೆಜ್ಜೆ, ಬಾಂಬ್ ಹೂತ ಸೈನಿಕನದೇ ಹೆಜ್ಜೆ, ಎಲ್ಲವೂ ನೆಲಬಾಂಬಿಗೆ ಒಂದೇ. ಭಾರತ ಒಪ್ಪಿರುವ ಅಂತರರಾಷ್ಟ್ರೀಯ ನಿಯಮವೊಂದು ಈ ದಿಕ್ಕಿನಲ್ಲಿ ಬಹಳ ನಿಖರವಾಗಿದೆ. ದೂರದಿಂದ ಎಸೆಯುವ, ಮನುಷ್ಯರನ್ನು ಗುರಿ ಮಾಡುವ ಮೈನ್‌ಗಳಲ್ಲಿ ಕನಿಷ್ಠ ಶೇ 90ರಷ್ಟು 30 ದಿನಗಳೊಳಗೆ ತಾವೇ ನಾಶವಾಗಬೇಕು, 120 ದಿನಗಳ ನಂತರ ಸಾವಿರಕ್ಕೆ ಒಂದಕ್ಕಿಂತ ಹೆಚ್ಚು ಜೀವಂತ ಉಳಿಯಬಾರದು ಎಂದು ಕೆಲವು ಸಾಂಪ್ರದಾಯಿಕ ಶಸ್ತ್ರಗಳ ಕುರಿತ ಒಪ್ಪಂದದ, 1996ರಲ್ಲಿ ತಿದ್ದುಪಡಿಯಾದ ಎರಡನೇ ಪ್ರೋಟೊಕಾಲ್ ಹೇಳುತ್ತದೆ. ಮೈನ್‌ಗೆ ಹಾಕಿದ ಈ ಲೆಕ್ಕವನ್ನು, ಹಾರುವ ಮತ್ತು ಬೆನ್ನಟ್ಟುವ ಯಂತ್ರಗಳಿಗೆ ಇನ್ನೂ ಯಾರೂ ಹಾಕಿಲ್ಲ.

ಮಹಾಭಾರತವನ್ನು ಬಲ್ಲವರಿಗೆ ಇದೆಲ್ಲ ಅಪರಿಚಿತವಲ್ಲ. ದ್ರೋಣರ ಮರಣದ ನಂತರ ಅಶ್ವತ್ಥಾಮ ಬಿಟ್ಟ ನಾರಾಯಣಾಸ್ತ್ರ, ಆಯುಧ ಕೆಳಗಿಟ್ಟು ರಥದಿಂದ ಇಳಿದವರನ್ನು ಮುಟ್ಟಲಿಲ್ಲ. ಎಲ್ಲರೂ ಇಳಿದರು, ಇಳಿಯಲೊಪ್ಪದ ಭೀಮನೊಬ್ಬನನ್ನೇ ಅದು ಸುತ್ತಿಕೊಂಡಿತು. ಯುದ್ಧ ಮುಗಿದ ಮೇಲೆ ಅದೇ ಅಶ್ವತ್ಥಾಮ ಬ್ರಹ್ಮಾಸ್ತ್ರ ಬಿಟ್ಟ, ಅರ್ಜುನನೂ ಎದುರು ಬಿಟ್ಟ, ವ್ಯಾಸ ನಾರದರು ನಡುವೆ ಬಂದು ನಿಂತರು. ಅರ್ಜುನ ತನ್ನದನ್ನು ಹಿಂದಕ್ಕೆ ಪಡೆದ. ಅಶ್ವತ್ಥಾಮನಿಗೆ ಬಿಡುವ ವಿದ್ಯೆ ಗೊತ್ತಿತ್ತು, ಹಿಂದಕ್ಕೆ ಪಡೆಯುವ ವಿದ್ಯೆ ಒಲಿದಿರಲಿಲ್ಲ. ಆ ಅಸ್ತ್ರ ಹೋಗಿ ಬಿದ್ದದ್ದು ಉತ್ತರೆಯ ಗರ್ಭದ ಮೇಲೆ, ಯುದ್ಧದ ನಂತರ ಹುಟ್ಟಬೇಕಿದ್ದ ಮಗುವಿನ ಮೇಲೆ. ಹಾರಿಸುವುದು ಮತ್ತು ಹಿಂಪಡೆಯುವುದು ಎರಡೂ ಸೇರಿದರೇನೇ ಶಸ್ತ್ರವಿದ್ಯೆ ಪೂರ್ಣ ಎಂಬ ತಿಳಿವಳಿಕೆ ನಮ್ಮ ಹಿರಿಯರಿಗಿತ್ತು. ಇಂದಿನ ಶಸ್ತ್ರ ತಯಾರಕರನ್ನು ಕೇಳಬೇಕಾದದ್ದೂ ಆ ಎರಡನೆಯ ಅರ್ಧದ ಬಗ್ಗೆ.

ಈ ವಾದಕ್ಕೆ ಗಂಭೀರವಾದ ಆಕ್ಷೇಪಗಳಿವೆ. ಮೊದಲನೆಯದು ಬ್ಯಾಟರಿಯದ್ದು. ಸಣ್ಣ ಎಫ್‌ಪಿವಿ ಡ್ರೋನ್ ಸಾಮಾನ್ಯವಾಗಿ ಅರ್ಧ ಗಂಟೆಯೂ ಹಾರಲಾರದು, ಅದು ಯುದ್ಧ ಮುಗಿದ ಮೇಲೂ ಹೇಗೆ ಕೊಂದೀತು ಎಂದು ಕೇಳಬಹುದು. ಹಾರುತ್ತಲೇ ಇರಬೇಕಾದ ಯಂತ್ರದ ಮಟ್ಟಿಗೆ ಈ ಮಾತು ಸರಿ. ಆದರೆ ಉಕ್ರೇನಿನಲ್ಲಿ ಈಗಾಗಲೇ ರಸ್ತೆಬದಿಯಲ್ಲಿ ಇಳಿದು, ಮೋಟಾರ್ ಆರಿಸಿ, ವಾಹನ ಬರುವವರೆಗೆ ಹೊಂಚುಹಾಕಿ ಕೂರುವ ಡ್ರೋನ್‌ಗಳು ಬಳಕೆಯಲ್ಲಿವೆ. ಕಾಯುವ ಯಂತ್ರಕ್ಕೆ ಬಹಳ ಕಡಿಮೆ ವಿದ್ಯುತ್ ಸಾಕು. ಅಮೆರಿಕದ ನೌಕಾಪಡೆ 1979ರ ಹೊತ್ತಿಗೇ ‘ಕ್ಯಾಪ್ಟರ್’ ಎಂಬ ಮೈನನ್ನು ಬಳಕೆಗೆ ತಂದಿತ್ತು. ಅದು ಸಮುದ್ರದಾಳದಲ್ಲಿ ಲಂಗರು ಹಾಕಿಕೊಂಡು ನೀರಿನ ಸದ್ದು ಆಲಿಸುತ್ತಾ, ಶತ್ರು ಜಲಾಂತರ್ಗಾಮಿಯದ್ದೆಂದು ತೋರಿದ ಸದ್ದು ಕೇಳಿದಾಗ ಒಳಗಿನ ಟಾರ್ಪೆಡೊವನ್ನು ಹಾರಿಸುತ್ತಿತ್ತು. ತಾಳ್ಮೆಯಿಂದ ಕಾಯುವುದು ಯಂತ್ರಕ್ಕೆ ಕಷ್ಟದ ಕೆಲಸವೇ ಅಲ್ಲ. ಬ್ಯಾಟರಿ ಮುಗಿಯುವುದೇ ರಕ್ಷಣೆ ಎನ್ನುವುದಾದರೆ ಅದನ್ನು ಅದೃಷ್ಟಕ್ಕೆ ಬಿಡದೆ ನಿಯಮವಾಗಿಸೋಣ ಎಂಬುದೇ ನನ್ನ ಬೇಡಿಕೆ.

ಎರಡನೆಯದು ಇನ್ನೂ ಪ್ರಬಲ. ಕೃತಕ ಬುದ್ಧಿಮತ್ತೆ ದಿನೇ ದಿನೇ ಸುಧಾರಿಸುತ್ತಿದೆ, ಎತ್ತಿದ ಕೈಗಳನ್ನೂ ಬಿಳಿ ಬಟ್ಟೆಯನ್ನೂ ಗುರುತಿಸಲು ಅದಕ್ಕೆ ಕಲಿಸಿದರಾಯಿತು ಎನ್ನುತ್ತಾರೆ. ದಕ್ಷಿಣ ಕೊರಿಯಾದಲ್ಲಿ ಗಡಿ ಕಾಯಲೆಂದು ರೂಪಿಸಿದ ‘ಎಸ್‌ಜಿಆರ್–ಎ1’ ಎಂಬ ಬಂದೂಕುಧಾರಿ ಯಂತ್ರ, ಕೈ ಎತ್ತಿದವನನ್ನು ಶರಣಾದವನೆಂದು ಗುರುತಿಸಬಲ್ಲದು ಎಂದು ಬಹಳ ಹಿಂದೆಯೇ ವರದಿಯಾಗಿತ್ತು. ಕೈ ಎತ್ತಿದ ಆಕಾರವನ್ನು ಗುರುತಿಸುವುದು ಇವತ್ತಿನ ತಂತ್ರಜ್ಞಾನಕ್ಕೆ ಕಷ್ಟವಲ್ಲ, ಒಪ್ಪುತ್ತೇನೆ. ಆದರೆ ಶರಣಾಗತಿ ಒಂದು ಆಕಾರವಲ್ಲ. ಗಾಯಗೊಂಡವನು ಕೈ ಎತ್ತಲಾರ. ಪ್ರಜ್ಞೆ ತಪ್ಪಿದವನು ಏನನ್ನೂ ಹೇಳಲಾರ, ಆದರೂ ಕಾನೂನು ಅವನನ್ನು ರಕ್ಷಿಸುತ್ತದೆ. ಇಬ್ಬರು ಸೇರಿ ಮೂರನೆಯವನನ್ನು ಎಳೆದೊಯ್ಯುತ್ತಿದ್ದರೆ ಅದು ಫಿರಂಗಿ ಗುಂಡುಗಳ ಪೆಟ್ಟಿಗೆಯಾಗಿಯೂ ಕಾಣಬಹುದು, ಸ್ಟ್ರೆಚರ್ ಆಗಿಯೂ ಕಾಣಬಹುದು. ಬಂದೂಕು ಕೆಳಗಿಟ್ಟವನು ಇನ್ನೊಂದು ಗಳಿಗೆಗೆ ಹೆದರಿ ಓಡಬಹುದು. ಮೋಸದಿಂದ ಶರಣಾದಂತೆ ನಟಿಸುವವರೂ ಇರುತ್ತಾರೆ, ಅಂಥ ಒಂದೆರಡು ಘಟನೆಗಳ ನಂತರ ಯಂತ್ರದ ನಂಬಿಕೆಯ ಮಟ್ಟವನ್ನು ಬಿಗಿ ಮಾಡಲು ಯಾವ ಸೇನೆಯೂ ಹಿಂಜರಿಯಲಾರದು. ಆಗ ನಿಜವಾಗಿ ಶರಣಾದವರು ಸಾಯುತ್ತಾರೆ. ಇದಕ್ಕಿಂತ ಮುಖ್ಯವಾಗಿ, ಶರಣಾಗತಿಯನ್ನು ಗುರುತಿಸಿದರಷ್ಟೇ ಸಾಲದು, ಸ್ವೀಕರಿಸಬೇಕು. ಸ್ವೀಕರಿಸುವುದೆಂದರೆ ಅವನನ್ನು ಕಾಯಬೇಕು, ದಾರಿ ತೋರಿಸಬೇಕು, ನೀರು ಕೊಡಬೇಕು, ಸೆರೆಯಾಳೆಂದು ದಾಖಲಿಸಬೇಕು. 2025ರ ಜುಲೈನಲ್ಲಿ ಖಾರ್ಕಿವ್ ಪ್ರಾಂತ್ಯದಲ್ಲಿ ಡ್ರೋನ್ ಮತ್ತು ನೆಲದ ರೋಬಾಟ್‌ಗಳನ್ನಷ್ಟೇ ಮುಂದೆ ಕಳಿಸಿ ರಷ್ಯಾದ ಸೈನಿಕರನ್ನು ಸೆರೆಹಿಡಿದುದಾಗಿ ಉಕ್ರೇನಿನ ಮೂರನೇ ಅಸಾಲ್ಟ್ ಬ್ರಿಗೇಡ್ ಹೇಳಿಕೊಂಡಿತು. ಅಲ್ಲಿಯೂ ಯಂತ್ರಗಳನ್ನು ನಡೆಸುತ್ತಿದ್ದವರು ಮನುಷ್ಯರು, ಕೊನೆಗೆ ಸೆರೆಯಾಳುಗಳನ್ನು ಒಳಗೆ ಕರೆದುಕೊಂಡವರೂ ಮನುಷ್ಯರು. ದೂರದ ಮನುಷ್ಯನಿದ್ದರೆ ಯಂತ್ರದ ಎದುರು ಬದುಕುಳಿಯಬಹುದು ಎಂಬುದಕ್ಕೆ ಅದು ಸಾಕ್ಷಿ.

ಮೂರನೆಯ ಆಕ್ಷೇಪ ಜಾರ್ಜಿಯಾ ಟೆಕ್‌ನ ರೋಬಾಟ್ ವಿಜ್ಞಾನಿ ರೊನಾಲ್ಡ್ ಆರ್ಕಿನ್ ಅವರದ್ದು. ಅವರ ವಾದ ನೈತಿಕವಾದದ್ದು, ಹಾಗಾಗಿಯೇ ಅದಕ್ಕೆ ಗೌರವದಿಂದ ಉತ್ತರಿಸಬೇಕು. ಮನುಷ್ಯ ಸೈನಿಕ ಹೆದರುತ್ತಾನೆ, ಸಿಟ್ಟಾಗುತ್ತಾನೆ, ಗೆಳೆಯನ ಸಾವಿಗೆ ಸೇಡು ತೀರಿಸಿಕೊಳ್ಳುತ್ತಾನೆ. ಈ ಯಾವುದೂ ಇಲ್ಲದ ಯಂತ್ರ ಯುದ್ಧದ ನಿಯಮಗಳನ್ನು ಮನುಷ್ಯನಿಗಿಂತ ಚೆನ್ನಾಗಿ ಪಾಲಿಸಬಹುದು ಎನ್ನುತ್ತಾರೆ ಅವರು. 1968ರ ಮಾರ್ಚ್ 16ರಂದು ವಿಯೆಟ್ನಾಮಿನ ಮಿ ಲಾಯ್ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ನೂರಾರು ನಿರಾಯುಧ ಹಳ್ಳಿಗರನ್ನು ಕೊಂದದ್ದನ್ನು ನೆನೆದರೆ ಈ ವಾದ ತಳ್ಳಿಹಾಕುವಂಥದ್ದಲ್ಲ. ಆದರೆ ಅದೇ ಬೆಳಿಗ್ಗೆ, ಅದೇ ಸೇನೆಯ ಹ್ಯೂ ಥಾಂಪ್ಸನ್ ಎಂಬ ಹೆಲಿಕಾಪ್ಟರ್ ಪೈಲಟ್ ತನ್ನ ಹೆಲಿಕಾಪ್ಟರನ್ನು ಓಡುತ್ತಿದ್ದ ಹಳ್ಳಿಗರು ಮತ್ತು ಬೆನ್ನಟ್ಟುತ್ತಿದ್ದ ಸೈನಿಕರ ನಡುವೆ ಇಳಿಸಿದ. ಇವರ ಮೇಲೆ ಗುಂಡು ಹಾರಿಸಿದರೆ ನಮ್ಮವರ ಮೇಲೇ ಗುಂಡು ಹಾರಿಸಿ ಎಂದು ತನ್ನ ಸಿಬ್ಬಂದಿಗೆ ಹೇಳಿದ. ಯಂತ್ರಕ್ಕೆ ಸಿಟ್ಟಿಲ್ಲದಿರುವುದು ಲಾಭ, ಅಡ್ಡ ನಿಲ್ಲುವವನೂ ಇಲ್ಲದಿರುವುದು ಅದಕ್ಕಿಂತ ದೊಡ್ಡ ನಷ್ಟ. ಮನುಷ್ಯರ ತಪ್ಪು ಒಬ್ಬೊಬ್ಬನಲ್ಲಿ ಒಂದೊಂದು ಬಗೆ. ಒಂದು ಸಾಫ್ಟ್‌ವೇರ್‌ನ ತಪ್ಪು ಅದನ್ನು ಹೊತ್ತ ಸಾವಿರ ಯಂತ್ರಗಳಲ್ಲೂ ಒಂದೇ ಕ್ಷಣದಲ್ಲಿ ಪ್ರಕಟವಾಗುತ್ತದೆ. 2003ರ ಇರಾಕ್ ಯುದ್ಧದಲ್ಲಿ ಬಹುಮಟ್ಟಿಗೆ ಸ್ವಯಂಚಾಲಿತವಾಗಿದ್ದ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಬ್ರಿಟನ್ನಿನ ಟೊರ್ನಾಡೊ ವಿಮಾನವನ್ನು ಹೊಡೆದುರುಳಿಸಿತು, ಇಬ್ಬರು ಸತ್ತರು. ಹತ್ತು ದಿನ ಕಳೆಯುವಷ್ಟರಲ್ಲಿ ಅಮೆರಿಕದ್ದೇ ನೌಕಾಪಡೆಯ ವಿಮಾನ ಅದೇ ರೀತಿ ಬಲಿಯಾಯಿತು. ಬರುತ್ತಿರುವ ಕ್ಷಿಪಣಿಯನ್ನು ತಡೆಯಲು ಯಂತ್ರದ ವೇಗ ಬೇಕು, ಅದನ್ನು ಯಾರೂ ಅಲ್ಲಗಳೆಯಲಾರರು. ಕ್ಷಿಪಣಿ ಶರಣಾಗುವುದಿಲ್ಲ. ಮನುಷ್ಯ ಶರಣಾಗುತ್ತಾನೆ. ಗೆರೆ ಎಳೆಯಬೇಕಾದದ್ದು ಇಲ್ಲಿ.

‘ನಾವು ನಿಯಮ ಪಾಲಿಸಿದರೂ ಶತ್ರು ಪಾಲಿಸುತ್ತಾನೆಯೇ’ ಎಂಬ ಮಾತು ದಿಲ್ಲಿಯಲ್ಲೂ ಕೇಳುತ್ತದೆ, ವಾಷಿಂಗ್ಟನ್ನಿನಲ್ಲೂ ಕೇಳುತ್ತದೆ. ನೆಲಬಾಂಬ್ ನಿಷೇಧಿಸಿದ 1997ರ ಒಟ್ಟಾವಾ ಒಪ್ಪಂದದಿಂದ ಹೊರಬರಲು 2025ರಲ್ಲಿ ಬಾಲ್ಟಿಕ್ ದೇಶಗಳು, ಪೋಲೆಂಡ್ ಮತ್ತು ಫಿನ್ಲೆಂಡ್ ತೀರ್ಮಾನಿಸಿದ್ದು ಈ ಭಯದಿಂದಲೇ. ಅದು ಕಡೆಗಣಿಸುವ ಮಾತಲ್ಲ, ಪಕ್ಕದಲ್ಲಿ ರಷ್ಯಾ ಇರುವವರ ಆತಂಕ ದೂರದಲ್ಲಿ ಕೂತವರಿಗೆ ಅರ್ಥವಾಗುವುದು ಕಷ್ಟ. ಆದರೆ ಯುದ್ಧಭೂಮಿಗೆ ಬರುವ ಮೊದಲೇ ಒಂದು ಆಯುಧವನ್ನು ತಡೆದ ಉದಾಹರಣೆಯೂ ಇದೆ. ಶಾಶ್ವತವಾಗಿ ಕಣ್ಣು ಕುರುಡಾಗಿಸಲೆಂದೇ ರೂಪಿಸಿದ ಲೇಸರ್ ಅಸ್ತ್ರಗಳನ್ನು 1995ರಲ್ಲಿ ನಿಷೇಧಿಸಲಾಯಿತು, ಭಾರತವೂ ಆ ನಿಷೇಧವನ್ನು ಒಪ್ಪಿದೆ. ನಾನು ಹೇಳುತ್ತಿರುವುದು ಡ್ರೋನ್ ಬೇಡ ಎಂದಲ್ಲ, ಕೃತಕ ಬುದ್ಧಿಮತ್ತೆಯನ್ನು ಸೇನೆ ಮುಟ್ಟಬಾರದು ಎಂದೂ ಅಲ್ಲ. ಮನುಷ್ಯರನ್ನು ಗುರಿ ಮಾಡುವ ಯಂತ್ರ, ಹಾರಿಸಿದವನ ಸಂಪರ್ಕ ತಪ್ಪಿದರೆ ದಾಳಿ ಮಾಡಬಾರದು ಮತ್ತು ಇಂತಿಷ್ಟು ಹೊತ್ತಿನೊಳಗೆ ತಾನೇ ನಿಷ್ಕ್ರಿಯ ಆಗಬೇಕು. ಇದರಿಂದ ಕೆಲವು ಗುರಿಗಳು ಕೈತಪ್ಪುತ್ತವೆ, ಜ್ಯಾಮರ್ ಇಟ್ಟವನಿಗೆ ಅನುಕೂಲವಾಗುತ್ತದೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಆ ಬೆಲೆ ತೆರಬೇಕು. ಹಾಗೆ ತೆರುವ ಸೇನೆಗೆ ಸಿಗುವ ಪ್ರತಿಫಲವೂ ಇದೆ: ಅದರ ಎದುರಿನ ಸೈನಿಕರು ಕೈ ಎತ್ತಿದರೆ ಬದುಕುತ್ತೇವೆಂದು ನಂಬುತ್ತಾರೆ, ನಂಬಿದವರು ಬೇಗ ಕೈ ಎತ್ತುತ್ತಾರೆ.

ಈ ಚರ್ಚೆಯಲ್ಲಿ ಭಾರತ ಪ್ರೇಕ್ಷಕ ಸ್ಥಾನದಲ್ಲಿಲ್ಲ. ಜಿನೀವಾದಲ್ಲಿ ಸ್ವಾಯತ್ತ ಮಾರಕ ಶಸ್ತ್ರಗಳ ಕುರಿತ ಸರ್ಕಾರಿ ತಜ್ಞರ ಗುಂಪಿನ ಮೊದಲ ಸಭೆಗಳಿಗೆ, 2017 ಮತ್ತು 2018ರಲ್ಲಿ, ಅಧ್ಯಕ್ಷರಾಗಿದ್ದವರು ಭಾರತದ ರಾಯಭಾರಿ ಅಮನ್‌ದೀಪ್ ಸಿಂಗ್ ಗಿಲ್. ಆದರೆ 2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಈ ಶಸ್ತ್ರಗಳ ಕುರಿತ ನಿರ್ಣಯದ ಪರ 152 ದೇಶಗಳು ಮತ ಹಾಕಿದಾಗ ವಿರೋಧಿಸಿದ ನಾಲ್ಕರಲ್ಲಿ ಭಾರತವೂ ಒಂದು. ಉಳಿದ ಮೂರು ರಷ್ಯಾ, ಬೆಲಾರುಸ್ ಮತ್ತು ಮಾಲಿ. ಕಾನೂನುಬದ್ಧ ಒಪ್ಪಂದಕ್ಕೆ ಇನ್ನೂ ಕಾಲ ಪಕ್ವವಾಗಿಲ್ಲ, ಚರ್ಚೆ ಜಿನೀವಾದಲ್ಲೇ ನಡೆಯಲಿ ಎಂಬುದು ಭಾರತದ ನಿಲುವು. ಗಡಿಯಲ್ಲಿ ಎರಡು ಅಣ್ವಸ್ತ್ರ ದೇಶಗಳನ್ನು ಎದುರಿಸುತ್ತಿರುವ ದೇಶದ ಎಚ್ಚರ ನನಗೆ ಅರ್ಥವಾಗುತ್ತದೆ, ಆ ಸಾಲಿನಲ್ಲಿ ನಿಂತದ್ದು ಮಾತ್ರ ಒಪ್ಪಿಗೆಯಾಗುವುದಿಲ್ಲ. ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಮತ್ತು ರೆಡ್‌ಕ್ರಾಸ್ ಅಂತರರಾಷ್ಟ್ರೀಯ ಸಮಿತಿಯ ಅಧ್ಯಕ್ಷರು 2023ರ ಅಕ್ಟೋಬರಿನಲ್ಲಿ ಜಂಟಿಯಾಗಿ ಕೋರಿದ್ದು 2026ರೊಳಗೆ ಒಪ್ಪಂದ ಆಗಲಿ ಎಂದು. ಜಿನೀವಾದ ತಜ್ಞರ ಗುಂಪು ತನ್ನ ವರದಿ ಒಪ್ಪಿಸಬೇಕಾದದ್ದೂ ಸಾಂಪ್ರದಾಯಿಕ ಶಸ್ತ್ರಗಳ ಒಪ್ಪಂದದ 2026ರ ಪರಿಶೀಲನಾ ಸಮ್ಮೇಳನಕ್ಕೆ. ಸಂಪರ್ಕ ತಪ್ಪಿದರೆ ನಿಷ್ಕ್ರಿಯ ಆಗಬೇಕೆಂಬ ಒಂದೇ ಷರತ್ತನ್ನು ಭಾರತವೇ ಮುಂದಿಡಬಹುದು. ಮೈನ್‌ಗಳ ವಿಷಯದಲ್ಲಿ ಈಗಾಗಲೇ ಒಪ್ಪಿದ ತತ್ವವನ್ನು ವಿಸ್ತರಿಸಲು ಹೊಸ ಸಿದ್ಧಾಂತವೇನೂ ಬೇಕಿಲ್ಲ.

ಕರ್ನಾಟಕಕ್ಕೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಸೇನೆಯ ಕೃತಕ ಬುದ್ಧಿಮತ್ತೆ ಮತ್ತು ರೋಬಾಟ್ ಸಂಶೋಧನೆ ಮಾಡುವ ಡಿಆರ್‌ಡಿಒ ಕೇಂದ್ರ 1986ರಿಂದ ಬೆಂಗಳೂರಿನಲ್ಲಿದೆ. ಸೇನೆಗೆ ಡ್ರೋನ್ ಹಿಂಡುಗಳನ್ನು ಪೂರೈಸಿದ ಕಂಪನಿ ಇಲ್ಲಿನದು. ಇಸ್ರೇಲಿನ ಎಲ್ಬಿಟ್ ಜೊತೆ ಸೇರಿ ‘ಸ್ಕೈಸ್ಟ್ರೈಕರ್’ ಎಂಬ ಆತ್ಮಾಹುತಿ ಡ್ರೋನ್ ತಯಾರಿಸುವ ಆಲ್ಫಾ ಡಿಸೈನ್ ಕೂಡ ಬೆಂಗಳೂರಿನದೇ. ಅಂಥ ಡ್ರೋನ್‌ಗಳಲ್ಲಿ ದಾಳಿಯನ್ನು ನಡುವೆಯೇ ಕೈಬಿಟ್ಟು ಮತ್ತೆ ಮೇಲೇರುವ ಸೌಲಭ್ಯ ಈಗಾಗಲೇ ಇದೆ, ಅಂದರೆ ಹಿಂದಕ್ಕೆ ಪಡೆಯುವ ವಿದ್ಯೆ ಇಂಜಿನಿಯರ್‌ಗಳಿಗೆ ಅಸಾಧ್ಯವೇನಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಯ ಹುಲ್ಲುಗಾವಲಿನಲ್ಲಿ ಡಿಆರ್‌ಡಿಒ ಮಾನವರಹಿತ ವಿಮಾನಗಳನ್ನು ಪರೀಕ್ಷಿಸುತ್ತದೆ. ಎಷ್ಟು ದೂರ ಹಾರಿತು, ಎಷ್ಟು ಭಾರ ಹೊತ್ತಿತು, ಗುರಿಗೆ ಎಷ್ಟು ಹತ್ತಿರ ಬಿತ್ತು ಎಂದು ಅಳೆಯುವ ಪರೀಕ್ಷೆಗಳ ಜೊತೆ ಇನ್ನೊಂದನ್ನು ಅಲ್ಲಿ ಕಡ್ಡಾಯ ಮಾಡಬೇಕು: ದಾಳಿಗೆ ಹೊರಟ ಯಂತ್ರದ ಸಂಪರ್ಕವನ್ನು ಬೇಕೆಂದೇ ಕಡಿಯುವುದು, ನಂತರ ಅದು ಗುರಿಯನ್ನು ಬಿಟ್ಟು ಎಷ್ಟು ಹೊತ್ತಿನಲ್ಲಿ ನಿಷ್ಕ್ರಿಯ ಆಗುತ್ತದೆ ಎಂದು ಅಳೆದು ಬರೆದಿಡುವುದು. ಅದರಲ್ಲಿ ಅನುತ್ತೀರ್ಣವಾದದ್ದನ್ನು ನಮ್ಮ ಸೇನೆ ಖರೀದಿಸಬಾರದು, ಬೇರೆ ದೇಶಕ್ಕೆ ಮಾರಲೂ ಬಿಡಬಾರದು.